ಅಪ್ಪನ ಎಡೆಗೆ ಒಂದು ಹೈಬಾಲ್

ಹೈಬಾಲ್ ಎಂಬ ಹೆಸರು ಕಿವಿಗೆ ಬೀಳುವ ಎಷ್ಟೋ ವರ್ಷ ಮೊದಲೇ ನಾನದನ್ನು ಕುಡಿದಿದ್ದೆ. ಉದ್ದ ಲೋಟ, ತಳದಲ್ಲಿ ವಿಸ್ಕಿ, ಮೇಲೆ ಅದರ ಮೂರರಷ್ಟು ಸೋಡಾ. ಸಾರು ಮಾಡಲು ಬಾರದವರೂ ಮಾಡಬಹುದು. ಆದರೂ ನಾನು ಅದರಲ್ಲಿ ಮೂರು ವರ್ಷ ನಾಪಾಸಾದೆ, ಅದೂ ತೀರಿಹೋದ ಅಪ್ಪನ ಮುಂದೆ.

ಮಹಾಲಯ ಅಮಾವಾಸ್ಯೆಗೆ ನಾವು ಹಿರಿಯರಿಗೆ ಎಡೆ ಇಡುತ್ತೇವೆ. ಮುದ್ದೆ, ಬಾಡಿನ ಸಾರು, ಸೇದುತ್ತಿದ್ದವರಿಗೆ ಬೀಡಿ, ಹೀಗೆ ಹೋದವರಿಗೆ ಇಷ್ಟವಾದದ್ದೆಲ್ಲ ಎಲೆಯ ಮೇಲೆ ಬರಬೇಕು. ಆಮೇಲೆ ಬಾಗಿಲು ಮುಚ್ಚಿ, ಅವರು ಬಂದು ಉಣ್ಣಲಿ ಎಂದು ಜಗಲಿಯಲ್ಲಿ ಕೂರುತ್ತೇವೆ. ಅಪ್ಪನ ವಿಸ್ಕಿ ಬೆರೆಸುವುದು ನನ್ನ ಕೆಲಸ. ಬಾಗಿಲು ತೆರೆದ ಮೇಲೆ ಆ ಲೋಟದಿಂದ ಒಂದು ಗುಟುಕು ಕುಡಿದು ತೀರ್ಪು ಕೊಡುವುದು, ಅಪ್ಪನ ಲೋಟದ ರುಚಿ ಬಲ್ಲ ಪಿರಿಯಾಪಟ್ಟಣದ ಚಿಕ್ಕಪ್ಪನ ಕೆಲಸ.

ಮೊದಲ ವರ್ಷ ಮೊಬೈಲಿನಲ್ಲಿ ವಿಡಿಯೋ ನೋಡಿ ಐಸು, ನಿಂಬೆ ಸಿಪ್ಪೆ ಎಲ್ಲ ಹಾಕಿದೆ. ಶರಬತ್ತು ಚೆನ್ನಾಗಿದೆ ಎಂದರು ಚಿಕ್ಕಪ್ಪ. ಮರುವರ್ಷ ಕೆ.ಆರ್. ನಗರದಿಂದ ಗೋಲಿ ಸೋಡಾ ತಂದೆ. ಬಾಗಿಲು ತೆರೆಯುವಷ್ಟರಲ್ಲಿ ಅದರ ಗ್ಯಾಸೆಲ್ಲ ಹೋಗಿತ್ತು. ಹೋದ ವರ್ಷ ಹಟಕ್ಕೆ ಬಿದ್ದು ವಿಸ್ಕಿಯನ್ನೇ ಹೆಚ್ಚು ಮಾಡಿದೆ. ಚಿಕ್ಕಪ್ಪ ಲೋಟ ಕೆಳಗಿಟ್ಟರು.

"ಇದು ನಮ್ಮಣ್ಣನ ಲೋಟ ಅಲ್ಲ ಕಣ್ಲಾ. ಬಂದಿದ್ರೂ ಮೂಸಿ ಎದ್ದೋಗಿರ್ತಾನೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ವರ್ಷಕ್ಕೊಮ್ಮೆ ಬರುವ ಅಪ್ಪನನ್ನು ಕೂರಿಸಿಕೊಳ್ಳುವಂಥ ಒಂದು ಲೋಟವನ್ನೂ ಬೆರೆಸಲಾರೆನೆ ಎಂಬುದು ಮುಳ್ಳಿನ ಹಾಗೆ ಉಳಿಯಿತು.

ನನ್ನಲ್ಲಿದ್ದ ಅಳತೆ ಒಂದೇ ಒಂದು ಸಂಜೆಯದು. ಹುಣಸೂರಿನ ಕಾಲೇಜಿನಲ್ಲಿ ನನಗೆ ಕೆಲಸ ಸಿಕ್ಕಿದಾಗ ಅಪ್ಪ ಸೌದೆ ಉರಿಸಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಪಕ್ಕ ಕೂರಿಸಿ, ಮಜ್ಜಿಗೆಯ ಸ್ಟೀಲ್ ಲೋಟದಲ್ಲಿ ನನಗೂ ವಿಸ್ಕಿಗೆ ಸೋಡಾ ಬೆರೆಸಿ ಕೊಟ್ಟಿದ್ದರು. ಮಳೆ ಹನಿಯುತ್ತಿತ್ತು ಎಂದು ಇಲ್ಲಿ ಬರೆದಿದ್ದೆ, ಹೊಡೆದುಹಾಕಿದ್ದೇನೆ. ಮಳೆ ನಾನು ಆಮೇಲೆ ಸೇರಿಸಿದ್ದಿರಬೇಕು. ಸೌದೆಯ ಹೊಗೆ ಮಾತ್ರ ನಿಜ. ವಿಸ್ಕಿಯಲ್ಲಿ ಹೊಗೆಯ ವಾಸನೆ ಹುಡುಕುವ ರಸಿಕರಿದ್ದಾರಂತೆ. ಅವರು ಬ್ಯಾರನ್ ಉರಿಯುವ ಕಾಲಕ್ಕೆ ನಮ್ಮ ಕಡೆ ಬಂದರೆ ಬರೀ ನೀರೂ ಸಾಕು. ಆ ಸಂಜೆ ಮನೆಗೆ ಬರುವಾಗ ನಾನು ಬದುವಿನ ಮೇಲೆ ತೂರಾಡಿದ್ದೆ. ಇದಂತೂ ಖಂಡಿತ.

ಖಂಡಿತ ಎಂದುಕೊಂಡಿದ್ದೆ. ಈ ವರ್ಷ ಮುಚ್ಚಳದಲ್ಲಿ ವಿಸ್ಕಿ ಅಳೆಯುತ್ತಿದ್ದಾಗ, ಮಸಾಲೆ ರುಬ್ಬುತ್ತಿದ್ದ ಅವ್ವ ಕತ್ತೆತ್ತಿ ನೋಡಿದಳು.

"ಬಾಟ್ಲಿಗೆ ನೀರು ಉಯ್ದಿದ್ದೀಯಾ?"

ಲೋಟಕ್ಕೆ ಸೋಡಾ ಇದೆಯಲ್ಲ ಎಂದೆ.

"ಲೋಟಕ್ಕಲ್ಲ ಕಣಪ್ಪ, ಬಾಟ್ಲಿಗೆ. ನಿಮ್ಮಪ್ಪ ಕುಡೀತಿದ್ದುದ್ರಲ್ಲಿ ಅರ್ಧ ನಮ್ಮ ಮಡಕೆ ನೀರು."

ಕಡಿಮೆ ಮಾಡಿಸಿ ಎಂದು ಡಾಕ್ಟರು ಹೇಳಿದ ಮೇಲೆ, ಅಪ್ಪ ಹೊಲಕ್ಕೆ ಹೋದಾಗಲೆಲ್ಲ ಒಂದಿಷ್ಟು ವಿಸ್ಕಿ ದಾಸವಾಳದ ಬುಡಕ್ಕೆ ಸುರಿದು, ಅಷ್ಟೇ ನೀರು ತುಂಬಿಸಿಡುತ್ತಿದ್ದಳಂತೆ. ಅದು ಶುರುವಾದದ್ದು ನನಗೆ ಕೆಲಸ ಸಿಗುವುದಕ್ಕೂ ಎರಡು ವರ್ಷ ಮೊದಲು. ಎಂದರೆ ಬದುವಿನ ಮೇಲೆ ನಾನು ತೂರಾಡಿದ್ದು ಹೆಚ್ಚುಕಡಿಮೆ ಮಡಕೆ ನೀರಿಗೆ.

ಅಪ್ಪನಿಗೆ ಗೊತ್ತಾಗಲಿಲ್ಲವೆ ಎಂದು ಕೇಳಿದೆ.

"ಗೊತ್ತಿದ್ರೂ ಅವ್ರು ಏಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಬಾಟಲಿಯನ್ನು ಅವಳ ಕೈಗೇ ಕೊಟ್ಟೆ. ಸುರಿದಳು, ತುಂಬಿಸಿದಳು, ಕುಲುಕಿದಳು. ಸೋಡಾ ಮಾತ್ರ ನನ್ನಿಂದ ಹಾಕಿಸಿದಳು. ಎಡೆಯಿಟ್ಟು ಬಾಗಿಲು ಮುಚ್ಚಿದೆವು, ಕಾದೆವು, ತೆರೆದೆವು. ಚಿಕ್ಕಪ್ಪ ಒಂದು ಗುಟುಕು ಕುಡಿದರು. ಮತ್ತೊಂದು ಕುಡಿದರು. ಪ್ರತಿವರ್ಷ ನನ್ನ ಕಡೆ ತಳ್ಳುತ್ತಿದ್ದ ಲೋಟವನ್ನು ಈ ಸಲ ಕೊನೆಯ ಹನಿಯವರೆಗೂ ಯಾರಿಗೂ ಕೊಡಲಿಲ್ಲ.

ಸಂಜೆ, ಪಾತ್ರೆ ಎತ್ತಿಡುತ್ತಿದ್ದ ಅವ್ವನ ಹತ್ತಿರ ಅಳತೆ ಕೇಳಿದೆ, ಬರೆದಿಟ್ಟುಕೊಳ್ಳೋಣ ಎಂದು.

"ಅಳ್ತೆ ಎಲ್ಲಿತ್ತು? ಬೆಳಗ್ಗೆ ಎದ್ದಾಗ ನಿಮ್ಮಪ್ಪನ ಮಕ ನೋಡಿ, ಅದ್ರ ಮೇಲೆ ನೀರು ಉಯ್ತಿದ್ದೆ."

"ಈ ಸಲ?"

"ನಿನ್ ಮಕ ನೋಡ್ದೆ," ಎಂದಳು. "ವಸಿ ಜಾಸ್ತೀನೇ ಉಯ್ಬೇಕಾಯ್ತು."