ಬೇಕರಿ ಟ್ರೇಯಲ್ಲಿ ಉಬ್ಬರವಿಳಿತ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಹುಟ್ಟಿ ಬೆಳೆದದ್ದು ಕರಾವಳಿಯಲ್ಲಿ, ಹೊಳೆ ಕಡಲಿಗೆ ಸೇರುವ ಅಳಿವೆಯ ಪಕ್ಕದಲ್ಲಿ. ದಿನಕ್ಕೆರಡು ಬಾರಿ ಕಡಲು ಉಬ್ಬಿ ಹೊಳೆಯೊಳಗೆ ನುಗ್ಗುತ್ತದೆ, ಮತ್ತೆ ಇಳಿಯುತ್ತದೆ, ಹಾಗೆ ಹೋಗಿ ಬರುವ ನೀರೇ ಕೆಸರಿನಲ್ಲಿ ಕವಲು ಕವಲಾಗಿ ತೋಡುಗಳನ್ನು ಕೊರೆಯುತ್ತದೆ ಎಂದು ಒಂಬತ್ತನೇ ತರಗತಿಗೆ ಹೇಳಿದ ದಿನ ಮಕ್ಕಳು ನನ್ನನ್ನು ಕನಿಕರದಿಂದ ನೋಡಿದರು. ತುಂಗೆ, ಭದ್ರೆಯರನ್ನು ಕಂಡ ಮಕ್ಕಳು. ಹೊಳೆ ಹಿಂದಕ್ಕೆ ಹರಿಯುತ್ತದೆ ಅಂದರೆ ಟೀಚರಿಗೆ ಜ್ವರ ಬಂದಿದೆ ಎಂದೇ ಅವರ ಲೆಕ್ಕ. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ತೋರಿಸಿಯೇ ತೀರುತ್ತೇನೆ ಎಂದುಬಿಟ್ಟೆ.

ಆ ಚಳಿಗಾಲ ಕೊಪ್ಪದಲ್ಲಿ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನವಿತ್ತು. ನಮ್ಮ ಶಾಲೆಯಿಂದ ಯಾವಾಗಲೂ ಹುಡುಗರೇ ಹೋಗುತ್ತಿದ್ದರು, ಯಾವಾಗಲೂ ಕುಂಕುಮದ ನೀರು ಕಾರುವ ಜ್ವಾಲಾಮುಖಿಯನ್ನೇ ಒಯ್ಯುತ್ತಿದ್ದರು. ಈ ಸಲ ಹುಡುಗರ ಜೊತೆಗೆ ನನ್ನ ತರಗತಿಯ ಮೂವರು ಹುಡುಗಿಯರನ್ನೂ ಕರೆದೊಯ್ಯುತ್ತೇನೆ ಎಂದು ನಾನು ಹೇಳಿದಾಗ ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟವರಲ್ಲ, ಅಳುಕಿನ ಮನುಷ್ಯ.

"ಈ ಸಲ ಹೋಗಿ ಬನ್ನಿ," ಅಂದರು. "ನಗೆಪಾಟಲಾಗಿ ಬಂದ್ರೆ ಮಾತ್ರ ಇನ್ನು ಹುಡುಗಿಯರನ್ನ ಕಳಿಸೋ ಸುದ್ದಿ ಎತ್ತಬಾರದು."

ಹುಡುಗಿಯರಿಗೆ ಇದನ್ನು ಮುಚ್ಚಿಡಲಿಲ್ಲ. ಮೂವರೂ ಮುಖ ಮುಖ ನೋಡಿಕೊಂಡು ಆ ಮಧ್ಯಾಹ್ನವೇ ಕೆಲಸಕ್ಕೆ ಇಳಿದರು.

ಒಬ್ಬಳ ತಂದೆಗೆ ಪೇಟೆಯಲ್ಲಿ ಬೇಕರಿ. ಆ ಸಾಹೇಬರು ಅಂಗಡಿಯ ಅತಿ ದೊಡ್ಡ ತಗಡಿನ ಟ್ರೇ ಕೊಟ್ಟರು. ಎಷ್ಟು ತಿಕ್ಕಿದರೂ ಅದರ ಬಿಸ್ಕತ್ತಿನ ವಾಸನೆ ಹೋಗಲಿಲ್ಲ. ಭದ್ರಾ ಹಿನ್ನೀರು ಇಳಿದ ದಡದಿಂದ ನಯವಾದ ಮೆಕ್ಕಲು ತಂದು ಟ್ರೇಯ ಮುಕ್ಕಾಲು ಭಾಗಕ್ಕೆ ಹರಡಿದೆವು. ಉಳಿದ ಕಾಲು ಭಾಗದಲ್ಲಿ ನಿಂತ ನೀರು ಕಡಲು. ಎದುರು ತುದಿಯಲ್ಲಿ ತೂತು ಡಬ್ಬಿಯಿಂದ ಸಣ್ಣಗೆ ಇಳಿಯುವ ನೀರು ಹೊಳೆ. ಟ್ರೇಯ ಅಡಿಗೆ ಲಟ್ಟಣಿಗೆ ಇಟ್ಟು ಮೆಲ್ಲಗೆ ಓಲಾಡಿಸಿದರೆ ಕಡಲು ಕೆಸರಿನ ಮೇಲೆ ಏರಿ ಹರಡುತ್ತಿತ್ತು, ಇಳಿಯುವಾಗ ತಗ್ಗು ಹುಡುಕಿಕೊಂಡು ಓಡುತ್ತಿತ್ತು. ಓಡಿದಲ್ಲಿ ಕೊರೆಯಬೇಕು, ಕೊರೆದಲ್ಲಿ ಕವಲೊಡೆಯಬೇಕು.

ಒಡೆಯಲಿಲ್ಲ. ಬೆಳಿಗ್ಗೆ ಚೂರುಪಾರು ಆಸೆ ಹುಟ್ಟಿಸಿದ ಕೆಸರಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಅಳತೆಪಟ್ಟಿ ಇಟ್ಟು ಎಳೆದಂಥ ನೆಟ್ಟಗಿನ ಕಾಲುವೆಗಳು. ನೀರು ಸರಾಗವಾಗಿ ಇಳಿದುಹೋಗಿರುತ್ತಿತ್ತು. ನನಗೆ ತಲೆಬುಡ ತಿಳಿಯಲಿಲ್ಲ. ಒಂದು ದಿನ ಊಟದ ಬಿಡುವಿನಲ್ಲಿ ಬೇಗ ಬಂದು ನೋಡಿದರೆ, ಮೂವರಲ್ಲಿ ಒಬ್ಬಳು, ಕಡಹಿನಬೈಲಿನಿಂದ ಬರುವ ಹುಡುಗಿ, ಹೇರ್‌ಪಿನ್ನಿನಿಂದ ಒಂದೊಂದೇ ತೋಡಿನ ಹೂಳು ತೆಗೆಯುತ್ತ ಕೂತಿದ್ದಾಳೆ.

ಬೈದೆ, ಜೋರಾಗಿಯೇ ಬೈದೆ. ಅವಳು ಅತ್ತುಕೊಂಡು ಹೇಳಿದ್ದು ಇಷ್ಟೇ, ಕಟ್ಟಿಕೊಂಡಿತ್ತಲ್ಲ ಎಂದು. ಮನೆಮಂದಿಯೆಲ್ಲ ಅಡಿಕೆ ತೋಟದ ಕೂಲಿಯವರು. ಬಸಿಗಾಲುವೆ ಕಟ್ಟಿಕೊಂಡರೆ ಮರದ ಬೇರು ಕೊಳೆಯುತ್ತದೆ. ಅದನ್ನು ಕಂಡೂ ಸುಮ್ಮನೆ ದಾಟಿಹೋಗುವ ಕೈ ಆ ಸೀಮೆಯಲ್ಲೇ ಇಲ್ಲ. ನನಗೆ ನಗು ತಡೆಯಲಾಗಲಿಲ್ಲ. ತೋಟದಲ್ಲಿ ನೀರು ಹೊರಗೆ ಹೋದರೆ ಸಾಕು, ಅಳಿವೆಯಲ್ಲಿ ಅದು ಮತ್ತೆ ಬರಬೇಕು, ಹೂಳು ಅಡ್ಡ ಬಂದಾಗಲೇ ನೀರು ಪಕ್ಕಕ್ಕೆ ತಿರುಗಿ ಹೊಸ ಕವಲು ಹಿಡಿಯುತ್ತದೆ ಎಂದು ಅವಳಿಗೆ ವಿವರಿಸಿದೆ. ಅಂದಿನಿಂದ ಓಲಾಡಿಸುವವಳನ್ನು ಬಿಟ್ಟು ಉಳಿದವರೆಲ್ಲ ಕೈ ಹಿಂದೆ ಕಟ್ಟಿ ನಿಲ್ಲಬೇಕೆಂದು ಕಟ್ಟಳೆ ಮಾಡಿದೆ. ಕಡಹಿನಬೈಲಿನವಳು ತನ್ನ ಮೇಲೆ ತನಗೇ ನಂಬಿಕೆಯಿಲ್ಲದೆ ಜಡೆಯ ರಿಬ್ಬನ್ನು ಬಿಚ್ಚಿ ಕೈ ಕಟ್ಟಿಸಿಕೊಂಡಳು. ವಾರ ಕಳೆಯುವುದರೊಳಗೆ ಕವಲುಗಳು ಮೂಡಿದವು.

ಕೊಪ್ಪಕ್ಕೆ ನಾವು ಒಯ್ದದ್ದು ಮಾತ್ರ ಬರೀ ಸಪಾಟು ಕೆಸರು. ಎಲ್ಲರ ಕಣ್ಣೆದುರಿಗೇ ಆಗಬೇಕು ಎಂದು ನನ್ನ ಹಟ. ನಮ್ಮದೇ ಶಾಲೆಯ ಜ್ವಾಲಾಮುಖಿ ಹುಡುಗರು, ಸಸಿ ಯಾವಾಗ ನೆಡುತ್ತೀರಿ ಎಂದು ಕೀಟಲೆ ಮಾಡಿದರು. ತೀರ್ಪುಗಾರರಾಗಿ ಬಂದ ಕಾಲೇಜಿನ ಮೇಷ್ಟರು ಟ್ರೇಯನ್ನು ನೋಡಿ, ಮಾಡೆಲ್ ಎಲ್ಲಿ ಎಂದು ಕೇಳಿ ಮುಂದೆ ಹೋದರು. ಹುಡುಗಿಯರು ಮಾತ್ರ ಸರದಿಯ ಮೇಲೆ ಓಲಾಡಿಸುತ್ತಲೇ ಇದ್ದರು.

ಮಧ್ಯಾಹ್ನ ಕಡಲ ಅಂಚಿನಲ್ಲಿ ಅಗಲವಾದ ಬಾಯಿ ತೆರೆಯಿತು. ಅಲ್ಲಿಂದ ಒಳಗೊಳಗೆ ಹಲಸಿನೆಲೆಯ ನರಗಳಂತೆ ತೋಡುಗಳು ಹಬ್ಬಿದವು. ಜ್ವಾಲಾಮುಖಿ ನೋಡುತ್ತಿದ್ದವರೂ ಇತ್ತ ಬಂದರು. ಮೇಷ್ಟರು ತಿರುಗಿ ಬಂದ ಹೊತ್ತಿಗೇ ದೊಡ್ಡ ತೋಡಿನ ದಂಡೆ ಕುಸಿದು ನೀರು ನಿಂತುಬಿಟ್ಟಿತು. ಗುಂಪಿನಲ್ಲಿದ್ದ ಹಿರಿಯ ಬೆಳೆಗಾರರೊಬ್ಬರು ಬಗ್ಗಿ, ಕಟ್ಟಿಕೊಂಡಿದೆಯಲ್ಲ ಮಾರಾಯ್ತಿ ಎನ್ನುತ್ತ ಬೆರಳು ಚಾಚಿದರು. ಕಡಹಿನಬೈಲಿನವಳು ಅವರ ಮಣಿಕಟ್ಟನ್ನೇ ಹಿಡಿದಳು.

"ಮುಟ್ಟಬೇಡಿ ಅಜ್ಜ. ಇದು ತೋಟ ಅಲ್ಲ, ಕಡಲು. ನೀರೇ ದಾರಿ ಮಾಡ್ಕೊಳ್ತದೆ, ನೋಡ್ತಾ ಇರಿ."

ಒಮ್ಮೆ ಏರಿತು, ಇಳಿಯಿತು, ಏನೂ ಆಗಲಿಲ್ಲ. ಇನ್ನೊಮ್ಮೆ ಏರಿ ಇಳಿಯುವಾಗ ಕುಸಿದ ಮಣ್ಣಿನ ಎಡಕ್ಕೆ ಕೆಸರು ಬಿರಿದು ಹೊಸ ಕವಲೊಂದು ಸರ್ರನೆ ಹರಿಯಿತು. ಜನ ಚಪ್ಪಾಳೆ ತಟ್ಟಿದರು, ಬೆಳೆಗಾರರು ಎಲ್ಲರಿಗಿಂತ ಜೋರಾಗಿ. ನನಗೆ ಆದ ಖುಷಿಗೆ ಕಣ್ಣು ತುಂಬಿ ಬಂತು. ಮೊದಲ ಬಹುಮಾನ ನಮಗೇ.

ಸೋಮವಾರದ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ಟರು ಬಹುಮಾನದ ಕಪ್ಪನ್ನು ಎತ್ತಿ ತೋರಿಸಿ, ಬರುವ ವರ್ಷ ಹೋಗಲು ಇಷ್ಟವಿರುವ ಹುಡುಗಿಯರು ಕೈ ಎತ್ತಿ ಅಂದರು. ಬೆರಳು ಚಾಚಿ ಎಣಿಸತೊಡಗಿದವರು ಅರ್ಧಕ್ಕೇ ನಿಲ್ಲಿಸಿದರು.

"ಎತ್ತದೆ ಇರೋರು ಯಾರು, ಅದನ್ನ ಹೇಳಿ," ಅಂದರು.

ಯಾರೂ ಇರಲಿಲ್ಲ.