ಕನ್ನಡಕದ ಮೇಲಿನ ಹ

ಬೆಳಿಗ್ಗೆ ಪೇಪರು ಹಿಡಿದು ಜಗಲಿಯ ಮೇಲೆ ಕೂತರೆ ಅಕ್ಷರಗಳೆಲ್ಲ ಇರುವೆ ಸಾಲಿನ ಹಾಗೆ ಕಂಡವು. ಕನ್ನಡಕ ತೆಗೆದು, ಗಾಜಿನ ಹತ್ತಿರ ಬಾಯಿ ತಂದು ‘ಹ’ ಎಂದು ಊದಿ, ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡೆ. ಆಗ ಕಣ್ಣಿಗೆ ಬಿದ್ದದ್ದು ಪೇಪರಲ್ಲ, ಒಣಗಲೆಂದು ಕಿಟಕಿಯಲ್ಲಿ ಬೋರಲಿಟ್ಟಿದ್ದ ಮೊಮ್ಮಗಳ ಸ್ಟೀಲ್ ಡಬ್ಬಿ. ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಎರಡಕ್ಷರ: ಇತ.

ಮೊಮ್ಮಗಳ ಹೆಸರು ಹಿತ. ಡಬ್ಬಿಯ ಮೇಲೆ ಮಾತ್ರ ಇತ. ಎರಡು ವರ್ಷದ ಹಿಂದೆ ಆ ಮಗುವನ್ನು ಒಂದನೇ ಕ್ಲಾಸಿಗೆ ಅಣಿ ಮಾಡಲು ಹೋಗಿ ನಾನು ಪಟ್ಟ ಪಾಡೆಲ್ಲ ಆ ಎರಡಕ್ಷರದಲ್ಲಿದೆ. ಹೇಳುತ್ತೇನೆ, ಇಲ್ಲೇ ಜಗಲಿಯ ಮೇಲೆ ಕೂತುಕೊಳ್ಳಿ.

ಮೊದಲು ನನ್ನ ಬಗ್ಗೆ ನಾಲ್ಕು ಮಾತು. ನಾನೇ ಹೇಳಿಕೊಳ್ಳದಿದ್ದರೆ ಊರವರು ಹೇಳುತ್ತಾರೆ, ಅವರು ಹೇಳಿದರೆ ಚೆನ್ನಾಗಿರುವುದಿಲ್ಲ. ಗಾವಡಗೆರೆ ಸುತ್ತಿನ ಹಳ್ಳಿಗಳಲ್ಲಿ ನನ್ನಿಂದ ಒಮ್ಮೆಯಾದರೂ ಮೋಸ ಹೋಗದವರು ಇದ್ದರೆ ಅವರು ಇತ್ತೀಚೆಗೆ ಬಂದವರೇ ಇರಬೇಕು. ಮಗನ ಮದುವೆಯ ಬೀಗರೂಟದಲ್ಲಿ ಅಷ್ಟೂ ಬೀಗರ ಚಪ್ಪಲಿಗಳನ್ನು ಒಂದರ ಜೋಡಿ ಇನ್ನೊಂದಕ್ಕೆ ಸೇರಿಸಿಟ್ಟವನು ನಾನು. ಇಂಥ ಬುದ್ಧಿವಂತ ಮನೆಯಲ್ಲಿರುವಾಗ ಮಗುವಿಗೆ ಅಕ್ಷರ ಕಲಿಸಲು ಬೇರೆಯವರು ಏಕೆ? ದಾಖಲಾತಿ ಶುರುವಾದ ದಿನ ಹೆಡ್ ಮಿಸ್ ಬೀಗ ತೆಗೆಯುವ ಮೊದಲೇ ಸ್ಕೂಲಿನ ಬಾಗಿಲಲ್ಲಿ ನಿಂತಿದ್ದೆ. ರಿಜಿಸ್ಟರಿನಲ್ಲಿ ಒಂದನೇ ನಂಬರು ನಮ್ಮ ಹಿತಳದು. ಟೀ ಅಂಗಡಿಯಲ್ಲಿ ಅದನ್ನು ಒಂದು ವಾರ ಹೇಳಿಕೊಂಡೆ.

ಸೊಸೆ ಸುಧಾ ಪೇಟೆಯಿಂದ ಅಕ್ಷರದ ಚಾರ್ಟು ತಂದಿದ್ದಳು. ಅದರಲ್ಲಿ ಅ ಅರಸ, ಋ ಋಷಿ. ನಮ್ಮ ಮಗು ಅರಸನನ್ನು ನೋಡಿದೆಯೇ, ಋಷಿಯನ್ನು ನೋಡಿದೆಯೇ? ಕಣ್ಣಿಗೆ ಕಾಣುವುದನ್ನು ಕಲಿಸಬೇಕು ಎಂದು ಚಾರ್ಟನ್ನು ಸುತ್ತಿ ಅಟ್ಟಕ್ಕೆ ಎಸೆದೆ. ಬೇಸಿಗೆಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಖಾಲಿ ಬಿದ್ದಿರುತ್ತದೆ. ಅದರ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದೊಂದೇ ಅಕ್ಷರ ಬರೆದು, ಬಾಯಲ್ಲಿ ಪದ ಹೇಳಿಕೊಟ್ಟೆ. ಅ ಅಸು. ಆ ಆವು. ಇ ಇಟ್ಟು. ಈ ಈರೇಕಾಯಿ. ಉ ಉಲಿ. ಊ ಊವು. ಎ ಎಂಡ ಎಂದಿದ್ದೆ, ಸೊಸೆ ಕಣ್ಣು ಬಿಟ್ಟಳು, ಎಗ್ಗಣ ಮಾಡಿದೆ. ಐ ಐಕ್ಳು, ಒ ಒಲ, ಓ ಓರಿ. ಮಗು ಹತ್ತೇ ದಿನದಲ್ಲಿ ಗಿಳಿಯ ಹಾಗೆ ಒಪ್ಪಿಸಿತು. ನೀವು ಆಗಲೇ ನಗುತ್ತಿದ್ದೀರಿ, ಗೊತ್ತು. ನನಗೆ ಮಾತ್ರ ಆಗ ಹೊಳೆಯಲಿಲ್ಲ. ಗೋಡೆಯ ಮೇಲೆ ಇದ್ದದ್ದು ಅಕ್ಷರ ಮಾತ್ರ, ಪದವೆಲ್ಲ ಬಾಯಲ್ಲೇ ಇತ್ತು. ಬರೆಯುವಾಗ ನನ್ನ ಕೈ ‘ಹ’ವನ್ನು ಎಲ್ಲೂ ಬಿಡುವುದಿಲ್ಲ. ನಾಲಿಗೆಗೂ ಅದಕ್ಕೂ ಮಾತ್ರ ನಮ್ಮ ತಾತ ಮುತ್ತಾತನ ಕಾಲದಿಂದ ಆಗಿಬಂದಿಲ್ಲ.

ಸ್ಕೂಲು ಶುರುವಾಗಲು ಹನ್ನೆರಡು ದಿನ ಇತ್ತು. ಬ್ಯಾಗು, ಡಬ್ಬಿ ತರಲು ಮಗುವನ್ನು ಹುಣಸೂರಿಗೆ ಹೊರಡಿಸಿದೆ. ಗಾವಡಗೆರೆಯಲ್ಲಿ ಬಸ್ಸು ಬಂತು. ನಾನು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದೇನೆ, ಹಿಂದಿನಿಂದ ಪಂಚೆ ಜಗ್ಗುತ್ತಿದೆ.

“ತಾತ, ಇದು ನಮ್ ಬಸ್ಸಲ್ಲ ಕಣ್ ತಾತ. ಬೋರ್ಡ್ನಾಗೆ ಉ ಎಲ್ಲದೆ? ಉಣ್ಸೂರು ಅಂತ ಬರ್ದೇ ಇಲ್ಲ.”

ಮಗು ಹೇಳಿದ್ದು ಅಕ್ಷರಶಃ ಸರಿ. ಬೋರ್ಡಿನ ಮೇಲೆ ಉ ಇರಲಿಲ್ಲ. ಕಂಡಕ್ಟರು ಬಾಗಿಲಿನಲ್ಲಿ ನಿಂತು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದ: “ಉಣ್ಣಕ್ಕೆ ಊರಿಗ್ ಓಗೋರು ಇಳ್ಕಳಿ, ಹುಣಸೂರಿಗ್ ಓಗೋರು ಮಾತ್ರ ಅತ್ಕಳಿ.”

ಅವನೂ ‘ಓಗೋರು’, ‘ಅತ್ಕಳಿ’ ಎಂದೇ ಹೇಳಿದ್ದು. ಆದರೆ ಬಸ್ಸು ನಕ್ಕದ್ದು ಮಗುವನ್ನು ನೋಡಿ. ಅದು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಮುಖ ಮಾಡಿ ಕೂತಿತು. ನಾನು ಎರಡು ಸಲ ಬೆಕ್ಕಿನ ಹಾಗೆ ಕೂಗಿದೆ, ಒಮ್ಮೆ ಮುಂದಿನ ಸೀಟಿನವನ ಕಿವಿಗೆ ಕಡ್ಡಿ ಹಾಕಿದೆ. ಯಾವಾಗಲೂ ಫಲ ಕೊಡುತ್ತಿದ್ದ ವಿದ್ಯೆಗಳು ಆ ದಿನ ಕೈಕೊಟ್ಟವು. ಪಾತ್ರೆ ಅಂಗಡಿಯವನು ಕೊರೆಯುವ ಮೆಷಿನ್ನು ಹಿಡಿದು ಏನು ಹೆಸರು ಎಂದು ಕೇಳಿದ. ಮಗು ನೆಲ ನೋಡಿತು. ಅದರ ಮುಖವನ್ನೇ ನೋಡುತ್ತಿದ್ದ ನಾನು ಅವಸರದಲ್ಲಿ ಹೇಳಿದೆ. ಅವನು ಕೇಳಿಸಿದ್ದನ್ನು ಕೊರೆದ.

ಮನೆಯಲ್ಲಿ ಸೊಸೆ ಡಬ್ಬಿಯನ್ನು ಬೆಳಕಿಗೆ ಹಿಡಿದು ಓದಿದಳು. ಮಾವನ ಎದುರು ಎಂದೂ ದನಿ ಎತ್ತದ ಹೆಣ್ಣುಮಗಳು, ಆಗಲೂ ಎತ್ತಲಿಲ್ಲ. ಮೆಲ್ಲಗೆ ಕೇಳಿದಳು: “ಎಲ್ರು ಮ್ಯಾಲೂ ಆಡೋ ಆಟಾನ ಈ ಮಗಿನ್ ಮ್ಯಾಲೂ ಆಡ್ಬುಟ್ರಾ ಮಾವ?”

ಆಟವಲ್ಲ, ನಿಜವಾಗಿ ತಪ್ಪಾಯಿತು ಎಂದೆ. ಅವಳು ನಂಬಲಿಲ್ಲ. ಮಗ ನಂಬಲಿಲ್ಲ. ಸಂಜೆ ಟೀ ಅಂಗಡಿಯವರು ತೊಡೆ ತಟ್ಟಿ ನಕ್ಕು, ಇದು ಬೀಗರ ಚಪ್ಪಲಿಗಿಂತ ಜೋರು ಎಂದು ಮೆಚ್ಚಿಕೊಂಡರು. ಜೀವಮಾನವಿಡೀ ಬೇಕೆಂದೇ ಮಾಡಿದವನು ಒಂದು ದಿನ ಗೊತ್ತಿಲ್ಲದೆ ಮಾಡಿದರೆ ಒಪ್ಪುವವರು ಯಾರು?

ಅದೂ ಇರಲಿ. ಮಲಗುವ ಮೊದಲು ಮಗು ಬಂದು ನನ್ನ ಪಕ್ಕ ಕೂತಿತು. “ನಾನ್ ಇಸ್ಕೂಲ್ಗ್ ಓಗಕಿಲ್ಲ ತಾತ. ನಂಗೆ ಮಾತಾಡಕ್ ಬರಕಿಲ್ಲ” ಎಂದಿತು. ಅಳುತ್ತಿರಲಿಲ್ಲ. ಇಂದು ಮಳೆ ಬರಲ್ಲ ಎನ್ನುವ ಹಾಗೆ ಹೇಳಿತು. ಅತ್ತಿದ್ದರೆ ನಗಿಸುತ್ತಿದ್ದೆ.

ಆಗ ನನಗೆ ನನ್ನ ಒಂದನೇ ಕ್ಲಾಸು ನೆನಪಾಯಿತು. ಬೇರೆ ಸೀಮೆಯ ಮೇಷ್ಟ್ರು. ನನ್ನ ಕಡೆ ಬೆರಳು ಮಾಡಿ “ಹೇಳು” ಎಂದರು. ನಮ್ಮ ಮನೆಯಲ್ಲಿ ಹೇಳುವುದಕ್ಕೂ ಏಳುವುದಕ್ಕೂ ಒಂದೇ ಮಾತು, ಎದ್ದು ನಿಂತೆ. “ಕೂತ್ಕೊಂಡು ಹೇಳು” ಎಂದರು. ಕೂತೆ, ಮತ್ತೆ ಎದ್ದೆ. ಮೂರು ಸಲ ಹೀಗಾಯಿತು. ಕ್ಲಾಸು ಬಿದ್ದು ಬಿದ್ದು ನಕ್ಕಿತು, ಅವರೂ ನನ್ನ ನಾಲಿಗೆಯವರೇ. ಅವತ್ತು ನನ್ನ ಹೆಸರು ‘ಏಳು’ ಎಂದೇ ಆಯಿತು. ಮಾರನೆಯ ದಿನದಿಂದ ಮೂರು ದಿನ ರಾಗಿ ಮೆದೆಯ ಹಿಂದೆ ಬಚ್ಚಿಟ್ಟುಕೊಂಡೆ. ನಾಲ್ಕನೆಯ ದಿನ ಮೇಷ್ಟ್ರ ಸೀಮೆಸುಣ್ಣದ ಪೆಟ್ಟಿಗೆಯಲ್ಲಿ ಕಪ್ಪೆ ಇಟ್ಟೆ. ಅವತ್ತಿನಿಂದ ಊರು ನನ್ನ ಚೇಷ್ಟೆಗೆ ನಗುತ್ತದೆ, ನಾಲಿಗೆಗಲ್ಲ. ನನಗೆ ಕಪ್ಪೆ ಸಿಕ್ಕಿತು. ಈ ಮಗುವಿಗೆ ಕಪ್ಪೆ ಮುಟ್ಟಲೂ ಭಯ.

ಮಾರನೆಯ ಬೆಳಿಗ್ಗೆಯೇ ‘ಹ’ ಶುರು ಮಾಡಿದೆ. ಕಲಿಸಬೇಕಾದವನಿಗೇ ಬರದ ಅಕ್ಷರ! ಹೊಟ್ಟೆ ಒತ್ತಿ ನೋಡಿದೆವು, ಕೆಮ್ಮಿ ನೋಡಿದೆವು. ಬೇಸತ್ತು ಕನ್ನಡಕ ಒರೆಸಲು ಊದಿದಾಗ ಮಗು ಮುಖವೆತ್ತಿತು. ಗಾಜು ಮಂಜಾಗಿತ್ತು. ಕನ್ನಡಕವನ್ನು ಅದರ ಬಾಯಿಯ ಮುಂದೆ ಹಿಡಿದೆ.

“ಸು ಅನ್ನು, ಆದ್ರೆ ಮೊದ್ಲು ಗಾಜು ಮಂಜಾಗ್ಬೇಕು” ಎಂದೆ.

“ಹ... ಸು” ಎಂದಿತು ಮಗು. ಮಂಜಾಯಿತು.

ನನಗೆ ಕುಣಿಯುವಷ್ಟಾಯಿತು. ಅಂದು ಹಸು, ಹಾವು, ಹಿಟ್ಟು, ಹೂವು ಎಲ್ಲವೂ ಒಂದೊಂದಾಗಿ ಗಾಜಿನ ಮೇಲೆ ಬಂದು ಹೋದವು. ಆದರೆ ಸಂತೋಷ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಊಟಕ್ಕೆ ಕೂತ ಮಗು ಅಮ್ಮನನ್ನು ಕೇಳಿತು: “ಹಮ್ಮ, ಹನ್ನ ಹಾಕು.”

ಬೇಕಾದ ಕಡೆ ಬಾರದಿದ್ದ ‘ಹ’ ಈಗ ಕರೆಯದ ಕಡೆಗೆಲ್ಲ ಬರತೊಡಗಿತು. ಆನೆ ಹಾನೆಯಾಯಿತು, ಎಮ್ಮೆ ಹೆಮ್ಮೆಯಾಯಿತು. ಗುಬ್ಬಿಗಳು ಅಕ್ಕಿ ತಿನ್ನುತ್ತಿದ್ದರೆ “ಅಕ್ಕಿಗ್ಳು ಹಕ್ಕಿ ತಿಂತಾವೆ” ಎಂದು ಕೂಗಿ ಹೇಳಿತು. ಸೊಸೆ ನನ್ನ ಮುಖ ನೋಡುವುದನ್ನು ಬಿಟ್ಟಳು. ತಿದ್ದಿದಷ್ಟೂ ಗಂಟು ಬಿಗಿಯಿತು. ಉಳಿದ ದಿನಗಳು ಎಂಟಾದವು, ಐದಾದವು, ಎರಡಾದವು. ನಾನು ಮೆರೆಸಿದ ಒಂದನೇ ನಂಬರೇ ಈಗ ಮುಳುವಾಯಿತು. ಹಾಜರಿಗೆ ಮೊದಲು ಕೂಗುವುದು ಈ ಮಗುವಿನದೇ ಹೆಸರು. ಬೇರೆ ಮಕ್ಕಳು ಏನು ಹೇಳುತ್ತಾರೆ ಎಂದು ಕೇಳಿ ಹೇಳುವುದಕ್ಕೂ ಇಲ್ಲ. ಬೇಗ ಹೋಗಿ ಸಾಲಿನಲ್ಲಿ ನಿಂತದ್ದು ನಾನು, ಮೊದಲು ಬಾಯಿ ತೆರೆಯಬೇಕಾದದ್ದು ಅದು.

ಮೊದಲ ದಿನ ಮಗುವನ್ನು ಬಿಟ್ಟು ಮನೆಗೆ ಬರುತ್ತೇನೆಂದು ಹೇಳಿ, ಸ್ಕೂಲಿನ ಹೊಂಗೆ ಮರದ ಹಿಂದೆ ನಿಂತೆ. ಮರದಿಂದ ಕಿಟಕಿಗೆ ಸರಿದೆ. ಹೊಸದಾಗಿ ಬಂದ ಮಿಸ್, ಚಿಕ್ಕ ವಯಸ್ಸು. ಹೆಸರು ಕೂಗಿದಾಗ ಎಲ್ಲರೂ ‘ಎಸ್ ಮಿಸ್’ ಅನ್ನಬೇಕು ಎಂದು ಹೇಳಿಕೊಟ್ಟರು. ಆಮೇಲೆ ರಿಜಿಸ್ಟರು ತೆಗೆದು “ಹಿತ” ಎಂದರು.

ಮಿಸ್ ರಿಜಿಸ್ಟರಿನಿಂದ ತಲೆ ಎತ್ತಿದರು.

“ಹಿತ ಯಾರಮ್ಮ?”

ಮಗು ಡಬ್ಬಿಯನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದೆ. ತುಟಿ ಬಿಗಿದಿದೆ. ಇದೇ ಮುಖವನ್ನು ಬಸ್ಸಿನಲ್ಲಿ ನೋಡಿದ್ದೆ. ಏನು ಮಾಡಲೂ ತೋಚದೆ ಕನ್ನಡಕ ತೆಗೆದು, ಕಿಟಕಿಯ ಸರಳಿಗೆ ಮುಖ ಆನಿಸಿ, ಗಾಜಿನ ಮೇಲೆ ಊದಿದೆ. ಆ ಸದ್ದಿಗೆ ಮಗು ತಿರುಗಿತು. ನನ್ನನ್ನು ನೋಡಿತು. ಎದೆ ತುಂಬ ಗಾಳಿ ಎಳೆದುಕೊಂಡಿತು.

“ಹೆಸ್ ಮಿಸ್.”

ನಾನು ಕಣ್ಣು ಮುಚ್ಚಿದೆ. ಮುಗಿಯಿತು, ಇನ್ನು ನಗು ಬರುತ್ತದೆ ಎಂದು ಕಾದೆ. ಮಿಸ್ ಎರಡನೆಯ ಹೆಸರು ಕೂಗಿದರು. ಎರಡನೆಯ ಮಗು ಮೊದಲನೆಯದನ್ನು ನೋಡಿಕೊಂಡು “ಹೆಸ್ ಮಿಸ್” ಎಂದಿತು. ಮೂರನೆಯದು “ಹೆಸ್ ಮಿಸ್.” ಮಾತು ಬೆಂಚಿನಿಂದ ಬೆಂಚಿಗೆ ದಾಟುತ್ತ ಗೋಡೆಯ ಬದಿಯ ಕೊನೆಯ ಮಗುವಿನವರೆಗೂ ಹೋಯಿತು. ನಗುವವರು ಯಾರೂ ಉಳಿದಿರಲಿಲ್ಲ. ಮಿಸ್ ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ನೋಡಿದರು.

“ಈ ಟ್ಯೂಷನ್ನು ನಿಮ್ದೇನಾ ತಾತ?”

ಹೂಂ ಅನ್ನಲು ಹೋದೆ. ಅದೂ ಊಂ ಎಂದೇ ಬಂತು.

ಈಗ ಹಿತ ಮೂರನೇ ಕ್ಲಾಸು. ‘ಹ’ ತನ್ನ ಜಾಗ ತಾನೇ ಹುಡುಕಿಕೊಂಡು ಕೂತಿದೆ. ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಎಲ್ಲವನ್ನೂ ತಪ್ಪಿಲ್ಲದೆ ಓದುತ್ತಾಳೆ. ನಿಜ ಹೇಳುತ್ತೇನೆ, ಆ ಓದು ಕೇಳುವಾಗ ನನಗೆ ಬೇರೊಂದು ಭಯ. ಇವಳು ಒಂದು ದಿನ ನನ್ನ ಮಾತು ಕೇಳಿ ಮುಖ ಆ ಕಡೆ ತಿರುಗಿಸಿಕೊಂಡರೆ? ಆ ಭಯಕ್ಕೆ ನಾನೂ ಕದ್ದು ಅಭ್ಯಾಸ ಮಾಡಿ, ಮೊನ್ನೆ ಬಸ್ಸಿನಲ್ಲಿ ಗಂಟಲು ಸರಿಮಾಡಿಕೊಂಡು ‘ಹುಣಸೂರು’ ಎಂದೆ. ಕಂಡಕ್ಟರು ಯಾವೂರು ಎಂದು ಎರಡು ಸಲ ಕೇಳಿದ.

ಇಷ್ಟರಲ್ಲಿ ಅವಳು ಜಡೆ ಹಾಕಿಸಿಕೊಂಡು ಹೊರಗೆ ಬಂದು, ಕಿಟಕಿಯಿಂದ ಡಬ್ಬಿ ತೆಗೆದುಕೊಂಡಳು. ಸರಿಯಾದ ಹೆಸರು ಹಾಕಿಸಿ ಹೊಸದು ಕೊಡಿಸುತ್ತೇನೆ ಎಂದು ಈ ವರ್ಷವೂ ಹೇಳಿದೆ.

“ಇದೇ ಇರ್ಲಿ ಬುಡು. ಕಳ್ದೋದ್ರೂ ನಂದೇ ಅಂತ ಎಲ್ರಿಗೂ ಗೊತ್ತಾಯ್ತದೆ” ಎಂದಳು. ಡಬ್ಬಿಯನ್ನು ಬ್ಯಾಗಿಗೆ ತುರುಕಿ, ಚಪ್ಪಲಿ ಮೆಟ್ಟಿ, ಗೇಟಿನಿಂದ ತಿರುಗಿ ಕೂಗಿದಳು: “ಓಗ್ಬತ್ತೀನಿ ಕಣ್ ತಾತ.”

ಆ ಮಾತಿನಲ್ಲಿ ಒಂದು ‘ಹ’ವೂ ಇರಲಿಲ್ಲ. ಪೇಪರು ಎತ್ತಿಕೊಂಡರೆ ಅಕ್ಷರಗಳು ಮತ್ತೆ ಇರುವೆ ಸಾಲು. ಗಾಜು ಮಂಜಾಗಿತ್ತು, ಈ ಸಲ ನಾನು ಊದಿರಲಿಲ್ಲ. ಕಾಫಿಯ ಹಬೆ ಇರಬೇಕು. ಹಾಗೆಂದೇ ನಂಬಿ, ನಾನು ಯಾವಾಗ ಸುಳ್ಳು ಹೇಳಿದ್ದೇನೆ?