ಮಾರ್ಗರೆಟ್‌ಗೆ ಮಾಡಿದ ಡಲ್ಸಿಮರ್

ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಆಚೆಯ ಆ ಪುಟ್ಟ ಊರಿನಲ್ಲಿ ಭಾಗ್ಯಶ್ರೀ ಎಂದರೆ ಮೊದಲು ಆಸ್ಪತ್ರೆಯ ಫಿಸಿಯೋ, ಕೈ ಮುರಿದುಕೊಂಡವರ ಬೆರಳನ್ನು ಮತ್ತೆ ಮಡಚಿಸುವವಳು. ಗದಗದಿಂದ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಅವಳಿಗೆ ಡಲ್ಸಿಮರ್ ಹುಚ್ಚು ಹಿಡಿಸಿದವಳು ಮಾರ್ಗರೆಟ್, ಶನಿವಾರ ಚರ್ಚ್ ಹಾಲ್‌ನಲ್ಲಿ ಊರವರನ್ನು ಕಲೆಹಾಕಿ, ಚಹಾ ಕುಡಿಸಿ ಕಲಿಸುತ್ತಿದ್ದ ನಿವೃತ್ತ ಟೀಚರ್. ಅಮೆರಿಕದ ಗುಡ್ಡಗಾಡಿನ ಈ ಉದ್ದನೆಯ ವಾದ್ಯವನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಎಡಗೈಯಿಂದ ತಂತಿ ಒತ್ತಿ ಬಲಗೈಯಿಂದ ಮೀಟಬೇಕು. ಒಂದು ತಂತಿ ಹಾಡುತ್ತದೆ, ಉಳಿದೆರಡು ತಂಬೂರಿಯ ಹಾಗೆ ಶ್ರುತಿ ಹಿಡಿದಿರುತ್ತವೆ. ಆ ಶ್ರುತಿ ಕೇಳಿಯೇ ಭಾಗ್ಯಶ್ರೀ ಮೊದಲ ದಿನ ಬಾಗಿಲಲ್ಲೇ ನಿಂತುಬಿಟ್ಟಿದ್ದಳು.

ನುಡಿಸುವುದರಲ್ಲಿ ಅವಳು ಅಷ್ಟಕ್ಕಷ್ಟೇ. ಕೈ ಪಳಗಿದ್ದು ಮಾಡುವುದರಲ್ಲಿ. ಮೊದಲನೆಯದು ಹಸಿ ಮರದ್ದು, ಮೇಲ್ಹಲಗೆ ಸೀಳಿ ಹೋಯಿತು. ಅಲ್ಲಿಂದ ಗರಾಜೆಲ್ಲ ಮರ ಒಣಗಿಸಲಿಕ್ಕೇ ಮೀಸಲಾಯಿತು.

"ಕಾರು ಮಳಿಯಾಗ ನಿಂತೈತಿ, ಕಟಗಿ ಬೆಚ್ಚಗ ಒಳಗೈತಿ!" ಎಂದು ಗಂಡ ಮುರುಗೇಶ ಗೊಣಗಿದ.

"ಕಾರು ನೆನದ್ರ ಏನೂ ಆಗೂದಿಲ್ರಿ. ಕಟಗಿ ನೆನದ್ರ ಸೀಳತೈತಿ."

ಕಳೆದ ಚಳಿಗಾಲ ಮಾರ್ಗರೆಟ್‌ಗೆ ಪಾರ್ಶ್ವವಾಯು ಹೊಡೆಯಿತು. ಮಾತು ಮರಳಿತು, ನಡಿಗೆ ಮರಳಿತು, ಎಡಗೈ ಬೆರಳು ಮಾತ್ರ ಮರಳಲಿಲ್ಲ. ಹಾಲ್ ಕಡೆ ಸುಳಿಯುವುದನ್ನೇ ಬಿಟ್ಟಳು. ನೋಡಲು ಹೋದ ಭಾಗ್ಯಶ್ರೀಗೆ, "ನನ್ನ ಡಲ್ಸಿಮರ್ ಯಾರಿಗಾದರೂ ಕೊಟ್ಟುಬಿಡು" ಎಂದಳು.

ಭಾಗ್ಯಶ್ರೀ ಅವಳ ಎಡತೋಳನ್ನು ಎತ್ತಿ ನೋಡಿದಳು. ಬೆರಳಲ್ಲಿ ಬಲವಿಲ್ಲ, ನಿಜ. ಭುಜ, ಮೊಣಕೈ ಚೆನ್ನಾಗಿಯೇ ಆಡುತ್ತಿದ್ದವು.

"ಈ ಕೈ ಒತ್ತಲಾರದು. ಮೀಟಬಲ್ಲದು. ಬಲಗೈ ಒತ್ತಲಿ."

"ಈ ವಯಸ್ಸಿನಲ್ಲಿ ಮೊದಲಿಂದ ಕಲಿಯಲೇ?"

"ನನಗೆ ಕಲಿಸುವಾಗ ನನ್ನ ವಯಸ್ಸು ಕೇಳಿದ್ರಾ?"

ಕನ್ನಡಿಯಲ್ಲಿ ಕಂಡಂತೆ ಎಲ್ಲ ತಿರುಗುಮುರುಗಾದ ಡಲ್ಸಿಮರ್ ಬೇಕಿತ್ತು. ತಂತಿ ಬಿಗಿಯುವ ಬಿರಡೆಗಳು ಬಲಕ್ಕೆ ಬಂದವು, ತಂತಿಗಳ ಸಾಲು ಅದಲುಬದಲಾಯಿತು. ಮೀಟುವ ಕಡ್ಡಿಯನ್ನು ಅಂಗೈಗೆ ಕಟ್ಟಲು ಮಾಡಿದ ಪಟ್ಟಿ ಜಾರಿದಾಗ ಮಾರ್ಗರೆಟ್ ಸಿಟ್ಟಿನಿಂದ ಅದನ್ನು ಕಿತ್ತೆಸೆದಳು. ಭಾಗ್ಯಶ್ರೀ ಎತ್ತಿಕೊಂಡು ಬಂದು ಮೆತ್ತನೆಯ ಚರ್ಮದಲ್ಲಿ ಇನ್ನೊಂದು ಹೊಲಿದಳು. ಅದು ಜಾರಲಿಲ್ಲ.

ಮೇ ತಿಂಗಳಲ್ಲಿ ಹಾಲ್‌ನಲ್ಲಿ ನಡೆದ ಡಲ್ಸಿಮರ್ ನುಡಿಸುವವರ ದೊಡ್ಡ ಕೂಟಕ್ಕೆ ಲೀಡ್ಸ್, ನಾಟಿಂಗ್‌ಹ್ಯಾಮ್ ಕಡೆಯವರೂ ಬಂದಿದ್ದರು. ಮಾರ್ಗರೆಟ್ ನಿಧಾನದ ಹಳೆಯ ಧಾಟಿಯೊಂದನ್ನು ಎತ್ತಿಕೊಂಡಳು, ನಡುವೆ ಎಡವಿದಳು. ಜೊತೆಗೆ ನುಡಿಸುತ್ತಿದ್ದವರು ಕೈ ತಡೆದರು.

"ನಿಲ್ಲಿಸಿ ಅಂತ ಯಾರು ಹೇಳಿದರು?" ಎಂದು ಅವಳು ಗದರಿದಳು. ಥೇಟು ಟೀಚರ ದನಿ! ಎರಡನೆಯ ಸಲ ಕೊನೆಯ ಸ್ವರದವರೆಗೂ ನುಡಿಸಿದಳು.

ಚಪ್ಪಾಳೆ ಇಳಿದ ಮೇಲೆ ಲೀಡ್ಸ್‌ನವನೊಬ್ಬ ಬಾಗಿ ನೋಡಿ, "ಅಮೆರಿಕದಿಂದ ತರಿಸಿದ್ದಾ?" ಎಂದು ಕೇಳಿದ.

"ಅಮೆರಿಕ ಯಾಕೆ? ಮಾಡಿದವಳು ನಮ್ಮೂರವಳು. ಅಗೋ, ಚಹಾ ಮೇಜಿನ ಹತ್ತಿರ ನಿಂತಿದ್ದಾಳೆ" ಎಂದಳು ಮಾರ್ಗರೆಟ್.

ಎಲ್ಲರೂ ತಿರುಗಿದರು. ಭಾಗ್ಯಶ್ರೀ ಕೈಯಲ್ಲಿದ್ದ ಕಪ್ಪು ಕೆಳಗಿಟ್ಟಳು, ತಲೆ ತಗ್ಗಿಸಲಿಲ್ಲ. ಕೊನೆಯ ಸಾಲಿನಲ್ಲಿ ಮುರುಗೇಶ ಬೆನ್ನು ನೆಟ್ಟಗೆ ಮಾಡಿ ಕೂತು, ಯಾರೂ ಕೇಳದಿದ್ದರೂ ಪಕ್ಕದವರಿಗೆ ಹೇಳುತ್ತಿದ್ದ: "ನನ್ನ ಹೆಂಡತಿ."